ಕಾಗೆಬಂಡೆಯಲ್ಲಿ ಹುಡುಕಾಟ

ಜಪಾನಿನ ಗೋತೊ ದ್ವೀಪದ ಬಸ್ ನಿಲ್ದಾಣದಲ್ಲಿ, ಗಾಳದವರಿಗೆ ಎರೆ ಮಾರುವ ಕಿಯೊನೊ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಸುಮಿ. ಗಾಳ ಹಾಕಲು ಹೋದ ಅವಳ ಗಂಡ ಮನೆಗೆ ಬಾರದೆ ಮೂರು ದಿನವಾಗಿತ್ತು. ಅವಳ ಜೊತೆಗೆ ಗಂಡನ ಗೆಳೆಯ ಗೆಂಜಿರೊ.

“ಪೊಲೀಸ್ರು ಇವತ್ತೂ ಕಾಗೆಬಂಡೆ ಹತ್ರಾನೇ ಹುಡುಕ್ತಾರಂತೆ, ಅಣ್ಣ.”

“ಹ್ಞೂಂ.”

“ನಮ್ಮನೆಯವ್ರು ಅಲ್ಲಿಗೇ ಹೋಗ್ತೀನಿ ಅಂದಿದ್ರು.”

“ಮೀನು ಸಿಗೋ ಜಾಗಾನ ಯಾವನು ನಿಜ ಹೇಳ್ತಾನಮ್ಮ? ಹೆಂಡ್ತಿಗೂ ಹೇಳಲ್ಲ.”

“ಅಂದ್ರೆ?”

“ಅವತ್ತು ಬೆಳಿಗ್ಗೆ ಅವನು ಉತ್ತರದ ಕೊರಕಲು ಇಳೀತಿದ್ದ. ನಾನು ನೋಡ್ದೆ.”

“ನೋಡಿ ಸುಮ್ನಿದ್ರಾ?”

“ಒಬ್ಬರ ಜಾಗ ಇನ್ನೊಬ್ಬರು ಬಾಯಿಬಿಡೋ ಹಾಗಿಲ್ಲ. ಹೇಳಿಬಿಟ್ರೆ, ವಾಪಸ್ ಬಂದ್ಮೇಲೆ ನನ್ನ ಮುಖ ನೋಡಲ್ಲ ಅಂದ್ಕೊಂಡೆ.”

“ಮೂರು ದಿನಾನೂ?”

ಗೆಂಜಿರೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಏಳಿ. ಪೊಲೀಸರ ಮುಂದೆ ಹೇಳಿ.”

ಬಸ್ಸು ಬಂದರೂ ಅವರು ಹತ್ತಲಿಲ್ಲ. ಠಾಣೆಯ ಕಡೆ ನಡೆದರು, ಅವಳು ಮುಂದೆ, ಅವನು ಹಿಂದೆ.

ಕಿಯೊನೊ ಕೂಡ ಹತ್ತಲಿಲ್ಲ. ಅವತ್ತು ಸುಮಿಯ ಗಂಡ ಕಿಯೊನೊಳ ಅಂಗಡಿಯಲ್ಲಿ ಎರೆಗೆಂದು ಕೊಂಡದ್ದು ಜೀವಂತ ಏಡಿ. ಏಡಿಗೆ ಬಾಯಿ ಹಾಕುವ ಮೀನು ಕಾಗೆಬಂಡೆಯಲ್ಲಿಲ್ಲ ಎಂಬುದು ಅವಳಿಗೂ ಮೂರು ದಿನದಿಂದ ಗೊತ್ತಿತ್ತು.