ಜನರ ಕಡೆಗೊಂದು ಮೈಕು

ಪೂಜ್ಯ ಫಾದರ್ ಅವರೇ, ನಮ್ಮನ್ನು ಅಗಲಿದ ಶಾಂತರಾಜಣ್ಣನ ಪತ್ನಿ ಶಾಂತಕುಮಾರಿ ಅಮ್ಮನವರೇ, ಮಗಳು ಶೋಭಿತಾ, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದೆಲ್ಲ ಹಾಸನದ ಈ ಚರ್ಚಿಗೆ ಬಂದು ಸೇರಿರುವ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಅರಕಲಗೂಡಿನ ಮನೆಯಲ್ಲಿ ಮಲಗಿದ್ದಲ್ಲಿಂದಲೇ ಫೋನಿನಲ್ಲಿ ನಮ್ಮನ್ನು ಕೇಳುತ್ತಿರುವ, ನಮ್ಮ ಶಾಂತರಾಜಣ್ಣನ ತಾಯಿ ಜ್ಞಾನಮ್ಮನವರಿಗೂ ನಮಸ್ಕಾರ.

ನಾನು ನಂಜುಂಡೇಶ್. ಹೊಳೆನರಸೀಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ನಿಮ್ಮ ಚರ್ಚಿನವನಲ್ಲ, ಅದು ಹೆಸರಿನಲ್ಲೇ ಗೊತ್ತಾಗುತ್ತದೆ. ಒಂದು ಕ್ರಿಸ್‌ಮಸ್‌ಗೆ ಕ್ಯಾಮೆರಾ ಹಿಡಿಯುವವರು ಕೈಕೊಟ್ಟರು. ಶಾಂತರಾಜಣ್ಣ ಫೋನ್ ಮಾಡಿ, "ಬಾರಪ್ಪಾ, ಇವತ್ತೊಂದಿನ ಕ್ಯಾಮೆರಾ ಹಿಡ್ಕೊ, ಸಾಕು" ಅಂದರು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಅವರು ವಾರವೆಲ್ಲ ಬಸ್ ಡಿಪೊದಲ್ಲಿ ವೈರಿಂಗ್ ಕೆಲಸ ಮಾಡಿ, ಭಾನುವಾರ ಇಲ್ಲಿ ಸೌಂಡು ನೋಡುತ್ತಿದ್ದರು. ನಾನು ವಿಡಿಯೊ. ಸಂಬಳವಿಲ್ಲ — ಪೂಜೆ ಮುಗಿದ ಮೇಲೆ ಶಾಂತಕುಮಾರಿ ಅಮ್ಮನವರ ಇಡ್ಲಿ ಇರುತ್ತಿತ್ತು.

ಮೇಲೆ ನೋಡಿ — ಬೆಂಚುಗಳ ನಡುವೆ ತೂಗುತ್ತಿದೆಯಲ್ಲ, ಆ ಮೈಕು. ಮೊದಲು ಅದು ಇರಲಿಲ್ಲ. ಪೂಜೆಯನ್ನು ಫೋನುಗಳಿಗೆ ಕಳಿಸುವಾಗ ಫಾದರ್ ಅವರ ಮೈಕು, ಹಾಡುವವರ ಮೈಕು, ಅಷ್ಟೇ ಹೋಗುತ್ತಿತ್ತು. ಸೌಂಡು ಎಷ್ಟು ಕ್ಲೀನಾಗಿದೆ ಅಂತ ನಾವಿಬ್ಬರೂ ಬೀಗುತ್ತಿದ್ದೆವು. ಜ್ಞಾನಮ್ಮನವರಿಗೆ ಕಣ್ಣು ಕಾಣುವುದಿಲ್ಲ. ಸೊಂಟ ಮುರಿದ ಮೇಲೆ ಓಡಾಟವೂ ನಿಂತಿತ್ತು. ದಿಂಬಿನ ಪಕ್ಕ ಫೋನಿಟ್ಟುಕೊಂಡು ಪೂಜೆ ಕೇಳುತ್ತಿದ್ದರು. ಒಂದು ಭಾನುವಾರ ಮಗನನ್ನು ಕೇಳಿದರಂತೆ, "ಯಾಕ್ಲಾ ರಾಜು, ಚರ್ಚಿಗೆ ಯಾರೂ ಬರಾಕಿಲ್ವೇನ್ಲಾ? ಫಾದ್ರು ಒಬ್ರೇ ಮಾತಾಡ್ಕತಾವ್ರೆ. ಎಲ್ರೂವೆ ನನ್ನಂಗೆ ಆಸ್ಗೆ ಇಡುದ್ಬುಟ್ರಾ?"

ಅವತ್ತು ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಂತರಾಜಣ್ಣನಿಗೆ ಬಹಳ ನೋವಾಯಿತು. ಮುಂದಿನ ಪೂಜೆಯ ಹೊತ್ತಿಗೆ ಏಣಿ ಹತ್ತಿ ಜನರ ತಲೆಯ ಮೇಲೆ ಮೈಕು ಕಟ್ಟಿದರು. ಏಣಿ ಹಿಡಿದವನು ನಾನು, ಅಲುಗಾಡಿಸಿ ಬೈಸಿಕೊಂಡವನೂ ನಾನೇ.

ಆಮೇಲೆ ಏನಾಯಿತು — ನಿಮಗೆಲ್ಲ ಗೊತ್ತು, ನಗಬೇಡಿ. ಮಗು ಅತ್ತಿದ್ದೂ ಎಲ್ಲರ ಫೋನಿಗೆ ಹೋಯಿತು, ಕೆಮ್ಮೂ ಹೋಯಿತು. ಪ್ರಸಂಗದ ನಡುವೆ ಯಾರೋ ಒಬ್ಬರು ಪಕ್ಕದವರಿಗೆ, "ಬೀಗರೂಟದಲ್ಲಿ ಮಟನ್ ಬೆಂದೇ ಇರ್ನಿಲ್ಲ ಕಣಕ್ಕಾ" ಅಂದದ್ದೂ ಹೋಯಿತು. ಊಟ ಹಾಕಿದ ಮನೆಯವರೂ ಕೇಳಿಸಿಕೊಂಡರು. ಮೈಕು ತೆಗೆಯಬೇಕು ಅಂತ ಮೀಟಿಂಗ್ ಸೇರಿತು. ಶಾಂತರಾಜಣ್ಣ ನಾಲ್ಕು ಜನರ ಮುಂದೆ ಮಾತಾಡುವವರಲ್ಲ. ಅವತ್ತು ಎದ್ದು ನಿಂತು, "ತಗೀಬ್ಯಾಡಿ ಸಾ. ಮನೇಲಿ ಬಿದ್ದಿರೋರಿಗೆ ದೇವರ ವಾಕ್ಯ ಬೈಬಲ್‌ನಲ್ಲೂ ಸಿಕ್ತದೆ. ನೀವು ಕೆಮ್ಮೋದು ಎಲ್ಲಿ ಸಿಕ್ತದೆ?" ಅಂದರು. ಮೊದಲು ನಕ್ಕವರು ಫಾದರ್. ಮೈಕು ಉಳಿಯಿತು.

ಕೊನೆಗೆ ಶಾಂತರಾಜಣ್ಣನೇ ಹಾಸಿಗೆ ಹಿಡಿದರು. ಅವರೂ ಫೋನಿನಲ್ಲೇ ಪೂಜೆ ಕೇಳುತ್ತಿದ್ದರು. ನೋಡಲು ಹೋದರೆ ಕಾಯಿಲೆಯ ಮಾತೇ ಇಲ್ಲ. "ಎಡಗಡೆ ಬೆಂಚಿನೋರು ಯಾಕಪ್ಪಾ ಹಾಡ್ತಿಲ್ಲ?" ಅನ್ನುವರು. ಒಂದು ದಿನ ನನ್ನ ಕೈ ಹಿಡಿದುಕೊಂಡು ಹೇಳಿದರು, "ಅವ್ವ ಕೇಳಿದ್ದು ಈಗ ಅರ್ಥ ಆಯ್ತು ಕಣಪ್ಪಾ. ಎಲ್ರೂ ಆಮೆನ್ ಅಂದಾಗ ನಾನೂ ಅಲ್ಲೇ ಕೂತಂಗೆ ಆಯ್ತದೆ."

ಮದುವೆ ವಿಡಿಯೊಗಳಲ್ಲಿ ಜನರ ಗಲಾಟೆ ಅಳಿಸಿ ಹಾಡು ಹಾಕುವುದೇ ನನ್ನ ಕಸುಬಾಗಿತ್ತು. ಈಗ ಅಳಿಸಲು ಮನಸ್ಸು ಬರುವುದಿಲ್ಲ. ಅಜ್ಜಿಯರು ಬೈಯುವುದು, ಮಕ್ಕಳು ಕೂಗುವುದು, ಎಲ್ಲ ಹಾಗೇ ಬಿಡುತ್ತೇನೆ. ನನಗೆ ಇದನ್ನು ಕಲಿಸಿದವರು ಶಾಂತರಾಜಣ್ಣ. ಅವರ ಪಕ್ಕ ಕೂರುವ ಭಾಗ್ಯ ಸಿಕ್ಕಿತಲ್ಲ — ಅದಕ್ಕೆ ನಾನು ಅವರಿಗೂ, ನನ್ನನ್ನು ಒಳಗೆ ಕರೆದುಕೊಂಡ ನಿಮಗೂ ಋಣಿ.

ಇವತ್ತು ಬೆಳಗ್ಗೆ ಜ್ಞಾನಮ್ಮನವರ ಫೋನ್ ಬಂತು. "ನನ್ ಮಗಂಗೆ ಜನ ಸೇರ್ತಾರಾ ನಂಜುಂಡೇಶ?" ಅಂದರು. "ಚರ್ಚು ತುಂಬ್ತದೆ ಕಣವ್ವಾ" ಅಂದೆ. "ನಂಗೆ ಸಮಾಧಾನ ಆಗ್ಲಿ ಅಂತ ಅಂತೀಯ" ಅಂದರು. ನನ್ನ ಮಾತನ್ನು ಅವರು ನಂಬಲಿಲ್ಲ.

ಮೌನ ಆಚರಿಸುವಾಗ ಮೈಕು ಆಫ್ ಮಾಡುವುದು ರೂಢಿ. ಇವತ್ತು ಮಾಡುವುದಿಲ್ಲ. ಬೆಂಚು ಕಿರುಗುಟ್ಟಲಿ, ಕೆಮ್ಮು ಬಂದರೆ ಕೆಮ್ಮಿ, ಅಳು ಬಂದರೆ ತಡೆಯಬೇಡಿ. ಆ ತಾಯಿ ಕಿವಿಗೊಟ್ಟು ಕಾಯುತ್ತಿದ್ದಾರೆ. ಮಗನಿಗಾಗಿ ಎಷ್ಟು ಜನ ಬಂದಿದ್ದೀರಿ ಅನ್ನುವುದು ನೀವು ಏಳುವ ಸದ್ದಿನಲ್ಲೇ ಅವರಿಗೆ ಗೊತ್ತಾಗಬೇಕು.

ಅವ್ವಾ, ಕೇಳಿಸ್ಕೊಳ್ಳಿ —

ಎಲ್ಲರೂ ದಯವಿಟ್ಟು ಒಟ್ಟಿಗೆ ಎದ್ದು ನಿಲ್ಲಿ.