ಹುಡುಗಿಯ ಬಗ್ಗೆ ಕೇಳಲು ಬಂದವನು

ಭೀಮರಾಯನಗುಡಿಯ ಕಾಲುವೆ ಸೇತುವೆಯ ಬಳಿ ಬಸ್ಸಿಗೆ ಕಾಯುತ್ತಿದ್ದ ಪಾರ್ವತಿಬಾಯಿಗೆ ಹರಿಯುವ ನೀರು ನೋಡುತ್ತ ನೋಡುತ್ತ ತೂಕಡಿಕೆ ಬಂದಿತ್ತು. ಪಕ್ಕದ ಕಟ್ಟೆಯ ಮೇಲೆ ಕೂತ ಇಬ್ಬರು ಹೆಂಗಸರ ಮಾತು ನೀರಿನ ಮೇಲೆ ತೇಲಿ ಬಂದಂತೆ ಕೇಳಿಸಿತು.

“ಲಾಲಮ್ಮಕ್ಕ, ಮಗಳಿಗಿ ದಿಲ್ಲ್ಯಾಗ ನೌಕರಿ ಆಗ್ಯಾದಂತ?”

“ಹೌದು ಬಸ್ಸಮ್ಮ, ಗೃಹ ಇಲಾಖ್ಯಾಗ. ಗುಪ್ತಚರರು ಮಂದಿ ಮ್ಯಾಲ ಕಣ್ಣಿಡ್ತಾರಂತ, ಅಕಿ ಇಲಾಖಿ ಆ ಗುಪ್ತಚರರ ಮ್ಯಾಲೇ ಕಣ್ಣಿಡ್ತದಂತ.”

“ಹೋದ ವರ್ಷ ಅಕಿ ಬಗ್ಗಿ ಕೇಳಾಕ ಒಬ್ಬಾಂವ ಓಣಿಗಿ ಬಂದಿದ್ದ. ಗಂಡಿನ ಕಡ್ಯಾಂವ ಅಂತ ತಿಳದು ಸಜ್ಜಕ ಮಾಡಿ ಹಾಕಿದ್ದೆ ನೋಡು.”

“ಅಂವ ಇಲಾಖಿ ಮನಷ್ಯಾ. ನಡತಿ ತಪಾಸ್ ಮಾಡಾಕ ಬಂದಿದ್ದ. ನೀ ಏನ್ ಹೇಳಿದಿ?”

“ಒಳ್ಳೇದೇ ಹೇಳೀನಿ. ನಮ್ಮ ಹುಡುಗಿ ಹೊಟ್ಟ್ಯಾಗಿನ ಮಾತು ಹಡದವ್ವಗೂ ಹೇಳಂಗಿಲ್ಲ ಅಂದೆ.”

“ಅದಕ್ಕೇ ತಗೊಂಡಾರ.”

“ಫೋನ್ ಮಾಡ್ತಾಳಿಲ್ಲ?”

“ಮಾಡ್ತಾಳ. ಎಲ್ಲಿದ್ದಿ ಅಂದ್ರ ಸುಮ್ಮನಾಗ್ತಾಳ. ಏನ್ ಉಂಡಿ ಅಂದ್ರೂ ಬರೇ ನಗ್ತಾಳ.”

ಹುಣಸಗಿ ಬಸ್ಸು ಬಂತು. ಬಸ್ಸಮ್ಮ ಎದ್ದು ಸೆರಗು ಕೊಡವಿದಳು.

“ಅಂವ ಮತ್ತ ಬಂದ್ರ ಏನ್ ಹೇಳ್ಲಿ?”

ಮೊದಲು ಹತ್ತಿದ ಲಾಲಮ್ಮ ಬಸ್ಸಿನ ಮೆಟ್ಟಿಲ ಮೇಲೆ ಹಿಂತಿರುಗಿದಳು.

“ಸಜ್ಜಕ ಮಾಡಿ ಹಾಕು. ಅಕಿಗಿ ಅವ್ವ ಒಬ್ಬಾಕಿ ಅದಾಳ, ಏನ್ ಉಂಡೆ ಅಂಬೋದನ್ನಾದ್ರೂ ಹೇಳಾಕ ಬಿಡ್ರಿ ಅನ್ನು.”