ಊಟದ ಕೋಣೆಯ ಬೈಕು

ಸುಪೀರಿಯರ್ ಸರೋವರ ಹೆಪ್ಪುಗಟ್ಟಿದ್ದ ಫೆಬ್ರವರಿಯ ಒಂದು ಬೆಳಿಗ್ಗೆ, ನಮ್ಮೂರ ವಾಹನ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕತಂಗಿಯರಿಬ್ಬರಿದ್ದರು. ಊರುಗೋಲು ಹಿಡಿದವಳು ಅಕ್ಕ ಹಿಲ್ಮಾ. ಅವಳ ಚೀಲ ಹಿಡಿದವಳು ತಂಗಿ ವರ್ನಾ. ಪ್ರತಿ ವಸಂತದಲ್ಲಿ ನಮ್ಮ ಬೀದಿಗೆ ಮೊದಲು ಕೇಳುವುದು ಹಿಲ್ಮಾಳ ಬೈಕೇ.

“ಶನಿವಾರ ಬೈಕ್ ಕೊಳ್ಳೋನು ಬರ್ತಾನೆ. ನಿನ್ನ ಮಗ ರಾಯ್ ಮಾತು ಕೊಟ್ಟಾಗಿದೆ,” ಎಂದಳು ವರ್ನಾ.

“ಬರಲಿ. ಕಾಫಿ ಕುಡ್ಕೊಂಡು ಹೋಗಲಿ.”

“ನವೆಂಬರ್‌ನಲ್ಲಿ ಸೊಂಟದ ಆಪರೇಷನ್ ಆಗಿದೆ ಕಣೇ. ಎಪ್ಪತ್ತೆರಡು ವರ್ಷ ನಿಂಗೆ!”

“ಸೊಂಟ ಹೊಸದು. ಎಪ್ಪತ್ತೆರಡು ಆಗಿರೋದು ಉಳಿದಿದ್ದಕ್ಕೆ.”

“ಊಟದ ಕೋಣೇಲಿ ಬೈಕು, ಹಾಸಿಗೆ ಪಕ್ಕ ಅದರ ಬ್ಯಾಟರಿ. ನೋಡಿದೋರು ನಗ್ತಾರೆ.”

“ನಗಲಿ. ಟೈರು ಒಂದೇ ಕಡೆ ಚಪ್ಪಟೆ ಆಗ್ಬಾರ್ದು ಅಂತ ಪ್ರತಿ ಭಾನುವಾರ ಉರುಳಿಸ್ತೀನಿ. ಮೊದಮೊದಲು ಒಂದು ಗೇಣು. ಈಗ ಕಿಟಕಿವರೆಗೂ ತಳ್ತೀನಿ, ಕೋಲಿಲ್ದೆ.”

ವರ್ನಾ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

“ಕೊಳ್ಳೋನು ಬಂದು ತಗೊಂಡೇ ಹೋದ್ರೆ?”

“ಹೇಗೆ? ಅಕ್ಟೋಬರ್‌ನಲ್ಲಿ ಚಳಿಗಾಲಕ್ಕೆ ಅಂತ ಬೈಕನ್ನ ಒಳಗೆ ತರೋಕೆ ಬಾಗಿಲ ಚೌಕಟ್ಟೇ ಕಿತ್ತಿದ್ವಿ. ವಾಪಸ್ ಮೊಳೆ ಹೊಡ್ದೋಳು ನಾನು. ಹಿಮ ಕರಗಲಿ ಅಂತ ರಸ್ತೆಗೆ ಸುರಿದಿರೋ ಉಪ್ಪನ್ನ ಮಳೆ ತೊಳೆದ ದಿನ ಆ ಚೌಕಟ್ಟನ್ನ ಮತ್ತೆ ಕೀಳೋಳೂ ನಾನೇ.”

ಅವರ ಸರದಿ ಬಂತು.

“ಬೈಕಿನ ನೋಂದಣಿ ಒಂದು ವರ್ಷಕ್ಕಾ ಮೇಡಂ, ಎರಡಕ್ಕಾ?” ಎಂದು ಗುಮಾಸ್ತ ಕೇಳಿದ.

“ಎರಡಕ್ಕೆ.”

ವರ್ನಾ ನಿಟ್ಟುಸಿರುಬಿಟ್ಟು, ಚೀಲದಿಂದ ಕಾಗದ ತೆಗೆದು ತಾನೇ ಮುಂದಿಟ್ಟಳು. ಬಾಗಿಲ ಬಳಿ ಮತ್ತೆ ಕೇಳಿದಳು:

“ರಾಯ್‌ಗೆ ಏನ್ ಹೇಳ್ಲಿ?”

“ಸುತ್ತಿಗೆ ಅಮ್ಮನ ಹತ್ರ ಇದೆ ಅನ್ನು.”

ಇಬ್ಬರೂ ಹಿಮಕ್ಕಿಳಿದು ಹೋದರು.